ಮಳೆಗೆ ಬೆವರುತ್ತಿದ್ದ ಅಕ್ಕೋರು

ಹೋದ ತಿಂಗಳು ನಮ್ಮ ಶಾಲೆಯ ವಿಜ್ಞಾನದ ಅಕ್ಕೋರು ಕೆಲಸ ಬಿಟ್ಟರು. ನಿವೃತ್ತಿಗೆ ಇನ್ನೂ ಬೇಕಾದಷ್ಟು ವರ್ಷಗಳಿದ್ದವು. ಬೀಳ್ಕೊಡುಗೆ ಸಮಾರಂಭವೂ ಬೇಡವೆಂದರು. ‘ಹಾರ ಹಾಕ್ಕೊಂಡು ಕುಂತಾಗ ಮೋಡ ಆದ್ರ ಏನ್ ಮಾಡ್ಲಿರಿ?’ ಎಂದು ಮುಖ್ಯಗುರುಗಳನ್ನೇ ಕೇಳಿದರಂತೆ. ಮುಖ್ಯಗುರುಗಳು ಅರ್ಜಿಗೆ ಸಹಿ ಮಾಡಿ ಕೊಟ್ಟರು. ಈಗ ವಿಜ್ಞಾನದ ಪಾಠ ಹೇಳಲು ಅತಿಥಿ ಶಿಕ್ಷಕರೊಬ್ಬರು ಬರುತ್ತಾರೆ. ಒಳ್ಳೆಯ ಹುಡುಗ. ಆದರೂ ಅವನು ಕಿಟಕಿಯಿಂದ ದೂರ ಅಕ್ಕೋರು ಹಾಕಿಸಿಕೊಂಡಿದ್ದ ಮೂಲೆಯ ಕುರ್ಚಿಯಲ್ಲಿ ಕೂತಾಗ ನನಗೆ ಆ ಕಡೆ ನೋಡಲು ಆಗುವುದಿಲ್ಲ.

ನಾನು ಅದೇ ಶಾಲೆಯಲ್ಲಿ ಕನ್ನಡ ಹೇಳುತ್ತೇನೆ. ನವಲಗುಂದದಿಂದ ದಿನಾ ಬಸ್ಸಿಗೆ ಹೋಗಿಬರುವವಳು. ವಿಜ್ಞಾನದ ಅಕ್ಕೋರದು ಶಾಲೆ ಇರುವ ಹಳ್ಳಿಯೇ, ಶಾಲೆಯಿಂದ ಕೂಗಳತೆಯಲ್ಲಿ ಮನೆ. ನಮ್ಮ ಕಡೆ ಪಾಠ ಹೇಳುವ ಹೆಂಗಸರೆಲ್ಲ ಅಕ್ಕೋರೇ. ನಾನು ಅವರನ್ನು ಅಕ್ಕೋರ ಎನ್ನುತ್ತಿದ್ದೆ, ಅವರು ನನ್ನನ್ನು ಕನ್ನಡ ಅಕ್ಕೋರ ಎನ್ನುತ್ತಿದ್ದರು. ಬಹಳ ವರ್ಷ ಒಂದೇ ಮೇಜಿನ ಎದುರುಬದುರು ಕೂತು ಬುತ್ತಿ ಬಿಚ್ಚಿದವರು ನಾವು.

ಎತ್ತರದ ಹೆಂಗಸು. ನಡೆದರೆ ಬೀಸುಹೆಜ್ಜೆ, ಮಕ್ಕಳು ಹಿಂದೆ ಓಡಬೇಕು. ಕೈಗೆ ಸೀಮೆಸುಣ್ಣ ಸಿಕ್ಕಿತೆಂದರೆ ಮೇಜು, ಬಾಗಿಲು, ಗೋಡೆ ಯಾವುದೂ ಉಳಿಯುತ್ತಿರಲಿಲ್ಲ. ಮಾತಾಡುತ್ತಲೇ ಒಂದು ಹೃದಯ ಬರೆದು, ರಕ್ತ ಎತ್ತ ಕಡೆ ಹರಿಯುತ್ತದೆಂದು ಬಾಣ ಹಾಕಿ ತೋರಿಸುತ್ತಿದ್ದರು. ಒಮ್ಮೆ ಮುಖ್ಯಗುರುಗಳ ಮೇಜಿನ ಮೇಲೆ ಹಾಗೆ ಬರೆದು ಅಳಿಸುವುದನ್ನು ಮರೆತು ಹೋದರು. ಹೊಸದಾಗಿ ಬಂದಿದ್ದ ಶಾಲೆಯ ಸಿಪಾಯಿ ಬಾಣದ ಹೃದಯ ನೋಡಿ ಬೇರೆಯೇ ತಿಳಿದುಕೊಂಡು ಊರಲ್ಲೆಲ್ಲ ಹೇಳಿಕೊಂಡು ಬಂದ. ಅದನ್ನು ಕೇಳಿ ಅಕ್ಕೋರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮುಖ್ಯಗುರುಗಳು ಮಾತ್ರ ವಾರವಿಡೀ ಯಾರ ಮುಖವನ್ನೂ ನೋಡಲಿಲ್ಲ.

ಮನಸ್ಸಿಗೆ ಏನಾದರೂ ಆದರೆ ಮೈಗೆ ಯಾಕೆ ಆಗುತ್ತದೆ ಎನ್ನುವುದು ಅವರಿಗೆ ಬಲು ಇಷ್ಟದ ವಿಷಯ. ಪರೀಕ್ಷೆಯ ದಿನ ಬೆಳಿಗ್ಗೆ ಶಾಲೆಯ ಗೇಟಿನಲ್ಲಿ ವಾಂತಿ ಮಾಡಿಕೊಳ್ಳುವ ಹುಡುಗನೊಬ್ಬನಿದ್ದ. ಮನೆಯವರು ದೃಷ್ಟಿಯಾಗಿದೆ ಎಂದು ನಿಂಬೆಹಣ್ಣು ಇಳಿಸಿ ಕಳಿಸುತ್ತಿದ್ದರು. ಅಕ್ಕೋರು ಅವನಿಗೆ ಬಾಯಿ ತೊಳೆಸಿ ಕಟ್ಟೆಯ ಮೇಲೆ ಕೂರಿಸಿದರು.

‘ನಿನ್ನ ಹೊಟ್ಟಿ ಕೆಟ್ಟಿಲ್ಲೋ ತಮ್ಮಾ. ಹುಲಿ ಬಂತು ಅಂತ ತಿಳ್ಕೊಂಡೈತಿ ನಿನ್ನ ಮೈ. ಹುಲಿ ಎದುರಿಗೆ ನಿಂತಾಗ ಉಂಡದ್ದು ಕರಗಸ್ಕೋತ ಕುಂದ್ರಾಕ ಆಗತೈತೇನು? ರಕ್ತ ಎಲ್ಲಾ ಕಾಲಿಗೆ ಬೇಕು, ಓಡಾಕ. ಅದಕ್ಕ ಹೊಟ್ಟಿ ತನ್ನ ಕೆಲಸ ಬಿಟ್ಟು ಖಾಲಿ ಮಾಡ್ಕೊಂಡು ಕುಂದರತೈತಿ.’

‘ಹುಲಿ ಎಲ್ಲೈತ್ರಿ ಅಕ್ಕೋರ, ಗಣಿತ ಐತಿ’ ಎಂದ ಹುಡುಗ.

‘ಮೈಗೆ ಹುಲಿನೂ ಒಂದ, ಗಣಿತಾನೂ ಒಂದ.’

ನಾನು ಪದ್ಯ ಓದುವಾಗ ಮೈ ಜುಮ್ಮೆನ್ನುತ್ತದೆ ಎಂದರೆ, ‘ಚಳಿಗೆ ಬೆಕ್ಕು ಕೂದಲ ನಿಗರಸತೈತಲ್ರಿ, ಅದ ಇದು. ನಮಗ ಕೂದಲ ಉದುರಿ ಹೋಗ್ಯಾವ, ಚಟಾ ಉಳದೈತಿ’ ಎನ್ನುತ್ತಿದ್ದರು. ನಾನು ಸಿಟ್ಟಾದರೆ ಚಹಾ ತರಿಸುತ್ತಿದ್ದರು.

ಅವರ ಯಜಮಾನರು ಬೆಣ್ಣಿಹಳ್ಳದಾಚೆಯ ಊರಿನ ಪಶು ಆಸ್ಪತ್ರೆಯಲ್ಲಿ ಸಹಾಯಕರಾಗಿದ್ದರು. ಡಾಕ್ಟರಲ್ಲದಿದ್ದರೂ ಸುತ್ತಿನ ಹಳ್ಳಿಗಳಿಗೆಲ್ಲ ಅವರೇ ದನದ ಡಾಕ್ಟರು. ಗಿಡ್ಡ ಆಳು, ನಗುಮುಖ. ಬೈಕಿನ ಬಾಜುವಿಗೆ ಔಷಧದ ಚೀಲ, ಮೈಗೆ ಡೆಟಾಲಿನದೂ ಸೆಗಣಿಯದೂ ಕೂಡಿದ ವಾಸನೆ. ಶನಿವಾರ ಶಾಲೆ ಬೇಗ ಬಿಡುತ್ತದೆ. ಅಂದು ಅವರು ಬಂದು ಗೇಟಿನ ಹೊರಗೆ ಬೈಕು ನಿಲ್ಲಿಸಿ ಹಾರ್ನ್ ಬಾರಿಸುತ್ತಿದ್ದರು. ನಲವತ್ತು ದಾಟಿದ ಈ ಅಕ್ಕೋರ ಮುಖಕ್ಕೆ ಆಗ ಕೆಂಪೇರುತ್ತಿತ್ತು. ಹುಡುಗಿಯರು ಬಿಡುತ್ತಾರೆಯೇ?

‘ಅಕ್ಕೋರ, ನಿಮ್ಮ ಮಾರಿ ಕೆಂಪ ಆತ್ರಿ.’

‘ರಕ್ತನಾಳ ಹಿಗ್ಗಿದ್ವು. ಬರ್ಕೋರಿ’ ಎಂದು ಚೀಲ ಹೆಗಲಿಗೇರಿಸಿ ಹೊರಡುತ್ತಿದ್ದರು.

ಮಕ್ಕಳಿರಲಿಲ್ಲ ಅವರಿಗೆ. ಗಂಡ, ಹೆಂಡತಿ, ಅತ್ತೆ, ಮೂವರೇ. ಅತ್ತೆ ಮುದುಕಿಯಾದರೂ ಗಟ್ಟಿ. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಬಾಯಲ್ಲಿ ಸದಾ ಸೊಸೆಯ ಬಗ್ಗೆ ದೂರು. ಆ ದೂರಿನಲ್ಲೇ ಹೆಮ್ಮೆ ಇರುತ್ತಿತ್ತು. ‘ನಮ್ಮ ಸೊಸಿ ಭಾಳ ಶಾಣ್ಯಾರು. ಹಾಲು ಉಕ್ಕಿದ್ರೂ ಯಾಕ ಉಕ್ಕಿತು ಅಂತ ಹೇಳ್ತಾರ, ಒಲಿ ಆರಸೂದಿಲ್ಲ.’

ಕೆಲವು ವರ್ಷಗಳ ಹಿಂದೆ, ಹೊಲದಲ್ಲಿ ಹೆಸರುಕಾಯಿ ಬಿಡಿಸುವ ಹೊತ್ತಿಗೆ ಮಳೆ ಹಿಡಿಯಿತು. ನಮ್ಮದು ಕರಿಮಣ್ಣಿನ ಎರೆಭೂಮಿ, ನೀರು ಕುಡಿದು ಕುಡಿದು ಒಮ್ಮೆಲೇ ಉಗುಳುತ್ತದೆ. ಮೇಲಿನ ಕಡೆ ಸುರಿದ ಮಳೆಗೆ ಬೆಣ್ಣಿಹಳ್ಳ ಮಧ್ಯಾಹ್ನಕ್ಕೇ ತುಂಬಿತು. ನವಲಗುಂದದ ಬಸ್ಸು ಬರಲಿಲ್ಲ. ‘ನಮ್ಮ ಮನಿಗೆ ನಡೀರಿ, ಮುಂಜಾನೆ ನೋಡೂಣು’ ಎಂದು ಅಕ್ಕೋರು ನನ್ನನ್ನು ಕರೆದುಕೊಂಡು ಹೋದರು. ಅತ್ತೆ ಒಲೆಯ ಮುಂದೆ ಕೂರಿಸಿ ಬಿಸಿ ಚಹಾ ಕೊಟ್ಟರು.

ಸಂಜೆ ಫೋನು ಬಂತು. ಯಜಮಾನರು ಹಳ್ಳದಾಚೆ ಎಮ್ಮೆಯೊಂದನ್ನು ಈಯಿಸಲು ಹೋಗಿದ್ದರು. ಕರು ಅಡ್ಡ ಬಿದ್ದಿತ್ತಂತೆ, ತಾಯಿ ಕರು ಎರಡೂ ಉಳಿದವಂತೆ. ಫೋನಿನಲ್ಲಿ ಅವರ ನಗು ನನಗೂ ಕೇಳಿಸುತ್ತಿತ್ತು. ಸೇತುವೆಯ ಮೇಲಿನ ನೀರು ಇಳಿಯುತ್ತಿದೆ, ದಾಟಿ ಬರುತ್ತೇನೆ ಎಂದರು. ಅಕ್ಕೋರು ದಿನವೂ ಹೇಳುವ ಹಾಗೆ, ‘ಹೂಂ, ಲಗೂ ಬರ್ರಿ’ ಎಂದು ಫೋನಿಟ್ಟರು.

ಕತ್ತಲಾಗುವ ಮೊದಲೇ ಊರಿನ ಇಬ್ಬರು ಓಡಿ ಬಂದರು. ಈ ಕಡೆಯ ದಂಡೆಯಲ್ಲಿ ನಿಂತಿದ್ದವರು ಅವರು. ಸೇತುವೆಯ ನಡುವೆ ಬೈಕಿನ ದೀಪ ಬಂತು, ಓಲಾಡಿತು, ಹಳ್ಳದ ಕಡೆ ತಿರುಗಿತು, ಆಮೇಲೆ ಕಾಣಲಿಲ್ಲ ಎಂದರು. ಅತ್ತೆ ಅಲ್ಲೇ ನೆಲಕ್ಕೆ ಕುಸಿದರು. ಅಕ್ಕೋರು ನಿಂತೇ ಇದ್ದರು. ‘ಈಜು ಬರತೈತಿ ಅವ್ರಿಗೆ’ ಎಂದರು.

ಮರುದಿನದಿಂದ ಹುಡುಕಾಟ. ಅಗ್ನಿಶಾಮಕದವರು ರಬ್ಬರ್ ದೋಣಿ ತಂದರು. ಊರ ಹುಡುಗರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದರು. ಅಕ್ಕೋರು ಬೆಳಗಾದರೆ ದಂಡೆಗೆ ಬಂದು ನಿಲ್ಲುತ್ತಿದ್ದರು, ಬೆಳಕು ಹೋಗುವ ತನಕ ಕದಲುತ್ತಿರಲಿಲ್ಲ. ನಾನು ಊರಿಗೆ ಹೋಗಲಿಲ್ಲ, ಅವರ ಜೊತೆ ಉಳಿದೆ. ಮಳೆ ನಿಂತಿರಲಿಲ್ಲ, ಗಾಳಿ ಚುಚ್ಚುತ್ತಿತ್ತು, ನಾವೆಲ್ಲ ಹೊದ್ದುಕೊಂಡು ನಡುಗುತ್ತಿದ್ದೆವು. ಅವರಿಗೆ ಬೆವರು. ಹಣೆಯಿಂದ, ಕುತ್ತಿಗೆಯಿಂದ ಇಳಿಯುತ್ತಿತ್ತು. ಕಣ್ಣಿನ ಪಾಪೆ ದೊಡ್ಡದಾಗಿ, ನೋಡಿದರೆ ಬೇರೆ ಯಾರೋ ಅನಿಸುತ್ತಿತ್ತು. ಒಂದು ಗುಟುಕು ನೀರು ಕುಡಿಸಲು ನೋಡಿದೆ. ಬಾಯಿಗೆ ಹಾಕಿದ್ದು ಹಾಗೇ ಗದ್ದದ ಮೇಲೆ ಹರಿಯಿತು.

‘ಇಳ್ಯಾಕ ಒಲ್ದರಿ ಅಕ್ಕೋರ’ ಎಂದರು. ‘ಗಂಟಲದ ಸ್ನಾಯು ಬಿಗದಾವ. ಉಗುಳು ಬತ್ತೇತಿ. ಎರಡೂ ಮೂತ್ರಪಿಂಡದ ಮ್ಯಾಲೆ ಟೊಪಗಿ ಇಟ್ಟಂಗ ಒಂದೊಂದು ಗ್ರಂಥಿ ಇರ್ತಾವ. ಅವು ರಸ ಬಿಡಾಕತ್ತಾವ, ಬಿಡಾಕತ್ತಾವ. ನಿಂದ್ರವಲ್ಲವು.’

‘ಸುಮ್ನಿರ್ರಿ ಅಕ್ಕೋರ, ಮಾತಾಡಬ್ಯಾಡ್ರಿ.’

‘ನನಗ ಎಲ್ಲಾ ಗೊತ್ತೈತ್ರಿ. ಎದಿ ಯಾಕ ಹಿಂಗ ಹೊಡ್ಕೊಳ್ಳಾಕತ್ತೈತಿ, ಕೈ ಯಾಕ ಸೆಟೀತಾವ, ಎಲ್ಲಾ ಗೊತ್ತೈತಿ. ಗೊತ್ತಿದ್ದು ಏನ್ ಬಂತ್ರಿ? ಒಂದೂ ನಿಂದ್ರಸಾಕ ಬರವಲ್ದು ನನಗ.’

ಇದನ್ನು ಅವರು ಮೆಲ್ಲಗೆ, ನೀರಿನ ಮೇಲಿನ ಕಣ್ಣು ಕದಲಿಸದೆ ಹೇಳಿದರು. ನಾನು ಅವರ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನಿಂತೆ. ಎಲ್ಲಿ ಹಾರಿಬಿಡುತ್ತಾರೋ ಎಂಬ ಭಯ ನನಗೆ.

ಊರ ಹೆಂಗಸರಿಗೆ ಇನ್ನೊಂದು ಚಿಂತೆ. ಅಕ್ಕೋರು ಅಳುತ್ತಿಲ್ಲ. ‘ಅತ್ತಬಿಡವ್ವಾ, ಎದಿಯೊಳಗ ಇಟ್ಕೋಬ್ಯಾಡ’ ಎಂದು ಒಬ್ಬೊಬ್ಬರೂ ಬಂದು ಹೇಳಿದರು. ಹಿರಿಯಳೊಬ್ಬಳು ಅವರ ಎರಡೂ ಭುಜ ಹಿಡಿದು ಅಲ್ಲಾಡಿಸಿದಳು, ಕೊನೆಗೆ ಕೆನ್ನೆಗೊಂದು ಹೊಡೆದಳು. ಅಳು ಬರಿಸುವುದಕ್ಕೆ ನಮ್ಮ ಕಡೆ ಹಾಗೆ ಮಾಡುವುದುಂಟು. ಕೆನ್ನೆ ಕೆಂಪಾಯಿತು, ಕಣ್ಣು ಒಣಗಿಯೇ ಇತ್ತು.

ದಿನಗಳು ಹೋದವು. ನೀರು ಇಳಿಯಿತು. ಬಹಳ ಕೆಳಗೆ ಯಾರದೋ ಹೊಲದ ಬದುವಿನಲ್ಲಿ, ಜಾಲಿಕಂಟಿಯಲ್ಲಿ ಸಿಕ್ಕಿಕೊಂಡಿದ್ದ ಯಜಮಾನರನ್ನು ಕುರಿ ಕಾಯುವವನು ನೋಡಿದ. ಟ್ರ್ಯಾಕ್ಟರಿನಲ್ಲಿ ತಂದು ಅಂಗಳದಲ್ಲಿ ಇಳಿಸಿದರು. ಮುಖ ತೋರಿಸುವ ಹಾಗಿರಲಿಲ್ಲ. ಪಾದದ ಕಡೆ ಬಟ್ಟೆ ಸರಿಸಿದರು. ಅಕ್ಕೋರು ಬಾಗಿ ಎಡಗಾಲಿನ ಹೆಬ್ಬೆರಳನ್ನು ನೋಡಿದರು. ಎಂದೋ ಎಮ್ಮೆ ತುಳಿದು ಆ ಬೆರಳಿನ ಉಗುರು ಸೊಟ್ಟಗೆ ಬೆಳೆದಿತ್ತು. ‘ಹೌದು’ ಎಂದರು. ಅತ್ತೆಯ ಗೋಳು ಆಗ ಊರಾಚೆಗೂ ಕೇಳಿಸಿರಬೇಕು.

ಅಕ್ಕೋರು ಒಳಗೆ ಬಂದು ಅಡುಗೆಮನೆಯ ಗೋಡೆಗೆ ಆತು ಕೂತರು. ಬೆವರು ನಿಂತಿತ್ತು. ಉಸಿರು ಸಾವಕಾಶ ಬರುತ್ತಿತ್ತು. ಅವರ ಕಣ್ಣಿನಿಂದ ನೀರು ಬರುತ್ತದೆಂದು ನಾನು ಕಾಯುತ್ತಿದ್ದೆ.

‘ಅಕ್ಕೋರ, ನನಗ ಹಸಿವಾಗೇತ್ರಿ’ ಎಂದರು.

ಹೆಣ ಮನೆಯಲ್ಲಿರುವಾಗ, ಮಣ್ಣು ಮಾಡಿ ಬರುವ ತನಕ, ಮನೆಯವರು ಬಾಯಿಗೆ ಏನೂ ಹಾಕುವುದಿಲ್ಲ. ಬಾಗಿಲ ತುಂಬ ಹೆಂಗಸರು. ಅಕ್ಕೋರ ಹೊಟ್ಟೆಯ ಸದ್ದು ನನಗೇ ಕೇಳಿಸಿತು. ಕೈ ಮುಂದೆ ಚಾಚಿ ಎರಡನೆಯ ಸಲ ಕೇಳಿದರು, ಮಗು ಕೇಳಿದ ಹಾಗೆ. ಆಗ ಅಂಗಳದಿಂದ ಅತ್ತೆ ಎದ್ದು ಬಂದರು. ಮಗನ ಪಾದ ಮುಟ್ಟಿದ ಕೈಯನ್ನು ತೊಳೆದುಕೊಂಡರು. ನೆರೆಮನೆಯವರು ತಂದಿಟ್ಟಿದ್ದ ಬುಟ್ಟಿಯಿಂದ ಜೋಳದ ರೊಟ್ಟಿ ತೆಗೆದು, ಮುರಿದು, ಶೇಂಗಾಹಿಂಡಿ ಹಚ್ಚಿ ಸೊಸೆಯ ಬಾಯಿಗಿಟ್ಟರು.

‘ತಿನ್ನು ನನ್ನವ್ವ, ತಿನ್ನು’ ಎನ್ನುತ್ತಿದ್ದರು. ಅಳುತ್ತಲೇ ಇದ್ದರು, ತಿನ್ನಿಸುತ್ತಲೇ ಇದ್ದರು. ಅಕ್ಕೋರು ಗಬಗಬನೆ ತಿಂದರು. ರೊಟ್ಟಿ ಮುಗಿದ ಮೇಲೆ ಅತ್ತೆಯ ಬೆರಳಿಗೆ ಹತ್ತಿದ್ದ ಹಿಂಡಿಯನ್ನೂ ಬಿಡಲಿಲ್ಲ.

ಅದನ್ನು ನೋಡಿದವರು ಸುಮ್ಮನಿರಲಿಲ್ಲ. ‘ಗಂಡನ ಹೆಣದ ಮುಂದ ಕುಂತು ರೊಟ್ಟಿ ತಿಂದಾಕಿ’ ಎಂಬ ಮಾತು ಊರಲ್ಲಿ ಹರಡಿತು, ನಾಲ್ಕಾರು ಹಳ್ಳಿ ದಾಟಿತು, ನವಲಗುಂದದ ಬಸ್ಸಿನಲ್ಲಿ ನನ್ನ ಕಿವಿಗೂ ಬಿತ್ತು. ಒಂದು ಹನಿ ಕಣ್ಣೀರು ಹಾಕಲಿಲ್ಲ ಎಂದರು, ಕಲಿತವರ ಎದೆ ಕಲ್ಲು ಎಂದರು. ಇನ್ನೂ ಕೆಟ್ಟದ್ದನ್ನೂ ಅಂದರು, ಅದನ್ನು ಬರೆಯಲಾರೆ. ಅತ್ತೆ ಮಾತ್ರ ನೀರಿನ ನಳದ ಹತ್ತಿರ ಒಬ್ಬಳನ್ನು ಹಿಡಿದು ನಿಲ್ಲಿಸಿ, ‘ತಿನ್ನಿಸಿದಾಕಿ ನಾನು. ಸತ್ತಾಂವ ನನ್ನ ಮಗ. ನಿನಗೇನ ಆಗೇತಿ ಬೇ?’ ಎಂದು ಕೇಳಿದರಂತೆ.

ತಿಂಗಳೊಪ್ಪತ್ತು ಕಳೆದು ಅಕ್ಕೋರು ಶಾಲೆಗೆ ಬಂದರು. ಒಂದು ದಿನ ಬುತ್ತಿ ಬಿಚ್ಚಿ ಹಾಗೇ ಕೂತವರು ತಾವಾಗಿಯೇ ಹೇಳಿದರು.

‘ಅವತ್ತ ನಾ ಯಾಕ ತಿಂದೆ ಅಂತ ನೀವು ಕೇಳ್ಲಿಲ್ಲ.’

‘ಕೇಳೂದೇನೈತ್ರಿ ಅಕ್ಕೋರ.’

‘ನಾನ ವಿಚಾರ ಮಾಡೇನಿ. ಮೈಗೆ ಅವ್ರು ಸತ್ತದ್ದು ತಿಳೀಲಿಲ್ರಿ. ಹುಡುಕೂದು ಮುಗೀತು ಅನ್ನೂದಷ್ಟ ತಿಳೀತು. ಇನ್ನ ಓಡೂದಿಲ್ಲ, ಇನ್ನ ಉಣ್ಣಬೌದು ಅಂತ ಗಂಟಲ ಬಿಡ್ತು. ನನ್ನ ಕೇಳಿ ಬಿಡ್ಲಿಲ್ಲ.’ ಬುತ್ತಿಯ ಮುಚ್ಚಳ ಹಾಕಿ, ‘ಮಂದಿ ಅನ್ನೂದು ಖರೇನ ಇರಬೇಕ್ರಿ’ ಎಂದರು. ನಾನು ಅಲ್ಲವೆಂದೆ. ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ.

ಆ ಬೇಸಿಗೆ ಹೇಗೋ ಕಳೆಯಿತು. ಮುಂದಿನ ಮುಂಗಾರಿನ ಮೊದಲ ಮಳೆಗೆ ಶುರುವಾಯಿತು. ಶಾಲೆಯ ತಗಡಿನ ಛಾವಣಿಯ ಮೇಲೆ ಹನಿ ಬಿದ್ದ ಸಪ್ಪಳಕ್ಕೆ ಅವರ ಕೈಯಲ್ಲಿದ್ದ ಪುಸ್ತಕ ಬಿತ್ತು. ಮುಖ ಸುಣ್ಣದ ಹಾಗೆ ಬಿಳುಪಾಗಿ, ಉಸಿರು ಮೇಲಕ್ಕೆ ಸಿಕ್ಕಿ, ಕೈ ಸೆಟೆದು, ರವಿಕೆ ತೊಯ್ದು ಹೋಯಿತು. ಮಳೆ ನಿಂತ ಎಷ್ಟೋ ಹೊತ್ತಿನ ಮೇಲೆ ಸುಧಾರಿಸಿದರು. ಆಮೇಲೆ ಮಳೆಯೇ ಬೇಕೆಂದಿರಲಿಲ್ಲ. ಮೋಡ ಸಾಕು, ಮಣ್ಣಿನ ವಾಸನೆ ಸಾಕು, ಯಾರೋ ನಳದ ಕೆಳಗೆ ಕೊಡ ಇಟ್ಟ ಸದ್ದು ಸಾಕು. ಹುಬ್ಬಳ್ಳಿಗೆ ಹೋಗಿ ಹೃದಯ ತೋರಿಸಿದರು. ಹೃದಯಕ್ಕೆ ಏನೂ ಆಗಿರಲಿಲ್ಲ. ಧಾರವಾಡದ ಮನೋವೈದ್ಯರ ಹತ್ತಿರವೂ ಹೋಗಿಬಂದರು. ಅವರು ಒಳ್ಳೆಯವರು, ತಾಳ್ಮೆಯಿಂದ ಕೇಳಿದರು, ಗುಳಿಗೆ ಕೊಟ್ಟರು, ಇದು ನಿಧಾನಕ್ಕೆ ಹೋಗುವಂಥದ್ದು ಎಂದರು. ಒಣಹವೆಯ ತಿಂಗಳುಗಳಲ್ಲಿ ಹೋಯಿತೆಂದೇ ಅನಿಸುತ್ತಿತ್ತು. ಮಳೆಗಾಲ ಬಂದರೆ ಅದೂ ಬರುತ್ತಿತ್ತು.

ಅತ್ತೆ ಮಠಕ್ಕೆ ಹೋಗಿ ತಾಯತ ತಂದರು. ಹಿಂದಿನ ಅಕ್ಕೋರಾದರೆ ನಕ್ಕು ಪಾಠ ಹೇಳುತ್ತಿದ್ದರು. ಈಗ ಸುಮ್ಮನೆ ತೋಳು ಮುಂದೆ ಮಾಡಿದರು. ‘ಕಟ್ರಿ ಅತ್ತಿ. ಕಟ್ಟಿದ್ರ ನಿಮಗರೆ ನಿದ್ದಿ ಬರತೈತಿ’ ಎಂದರಂತೆ.

ಈ ವರ್ಷ ಹತ್ತನೆಯ ತರಗತಿಗೆ ಅವರು ಮೈಯ ನರಗಳ, ಗ್ರಂಥಿಗಳ ಪಾಠ ತೆಗೆದುಕೊಂಡಿದ್ದರು. ಮಧ್ಯಾಹ್ನ ಒಮ್ಮೆಲೇ ಮಳೆ ಬಂತು. ಬಾಜು ಕೋಣೆಯಲ್ಲಿದ್ದ ನಾನು ಓಡಿಹೋದೆ. ಅಕ್ಕೋರು ಕರಿಹಲಗೆಯ ಕೆಳಗೆ ನೆಲದ ಮೇಲೆ ಕೂತಿದ್ದರು. ಮೊಣಕಾಲು ಗಡಗಡ ನಡುಗುತ್ತಿತ್ತು. ಹುಡುಗಿಯೊಬ್ಬಳು ಅಳುತ್ತಿದ್ದಳು. ನಾನು ಎಬ್ಬಿಸಲು ಹೋದರೆ ಬೇಡವೆಂದು ತಲೆ ಅಲ್ಲಾಡಿಸಿದರು.

‘ಅಂಜಬ್ಯಾಡ್ರಿ’ ಎಂದರು ಮಕ್ಕಳಿಗೆ. ಒಂದೊಂದು ಮಾತಿಗೂ ಉಸಿರು ಹುಡುಕುತ್ತಿದ್ದರು. ‘ನನ್ನ ಮೈಯಾಗ ಈಗ ನಡದದ್ದ... ಇವತ್ತಿನ ಪಾಠ. ಬರ್ಕೋರಿ. ಮೊದಲ ಕಿವಿ ಕೇಳತೈತಿ. ಮಿದುಳಿನ್ಯಾಗ ಒಂದು ಸಣ್ಣ ಜಾಗಾ ಐತಿ... ಅದು ವಿಚಾರ ಮಾಡೂದಿಲ್ಲ, ಅಪಾಯ ಬಂತು ಅಂತ ಕೂಗತೈತಿ. ನರ ಓಡಿ ಹೋಗಿ ಗ್ರಂಥಿಗೆ ಹೇಳತಾವ. ರಸ ರಕ್ತದಾಗ ಕೂಡತೈತಿ. ಎದಿ ಜೋರ ಬಡ್ಕೋತೈತಿ... ಚರ್ಮದ ರಕ್ತ ಒಳಗ ಹೋಗತೈತಿ, ಅದಕ್ಕ ನನ್ನ ಕೈ ತಣ್ಣಗ. ಮುಟ್ಟಿ ನೋಡ ಬಾ.’ ಮುಂದಿನ ಬೆಂಚಿನ ಹುಡುಗಿ ಬಂದು ಮುಟ್ಟಿದಳು. ಕೈ ಬಿಡಲಿಲ್ಲ, ಅಲ್ಲೇ ಕೂತಳು. ಕೋಣೆಯಲ್ಲಿ ಪೆನ್ನಿನ ಸದ್ದೂ ತಗಡಿನ ಸದ್ದೂ ಬಿಟ್ಟರೆ ಬೇರೆ ಇಲ್ಲ.

‘ಅಪಾಯ ಹೋದಮ್ಯಾಲೆ ಮೈ ಮೊದಲಿನಂಗ ಆಗತೈತಿ ಅಂತ ನಿನ್ನೆ ಬರಸೀರಲ್ರಿ ಅಕ್ಕೋರ’ ಎಂದಳು ಆ ಹುಡುಗಿ, ಧೈರ್ಯ ಹೇಳುವವಳ ಹಾಗೆ.

ಅಕ್ಕೋರು ಅವಳ ಕಡೆ ತಿರುಗಿದರು.

‘ಬರಸೇನವ್ವ’ ಎಂದರು. ‘ಅದನ್ನ ಹೊಡದ ಹಾಕ್ರಿ.’

ಮಕ್ಕಳು ಹಿಂದಿನ ಹಾಳೆ ತಿರುಗಿಸಿ ಆ ಸಾಲಿನ ಮೇಲೆ ಗೆರೆ ಎಳೆದರು. ಆ ವಾರವೇ ಅವರು ಅರ್ಜಿ ಕೊಟ್ಟರು. ಹಳ್ಳದ ಸಮೀಪದ ಆ ಊರನ್ನೇ ಬಿಟ್ಟು ಅತ್ತೆಯನ್ನು ಕರೆದುಕೊಂಡು ಅಣ್ಣಿಗೇರಿಯಲ್ಲಿ ಬಾಡಿಗೆ ಮನೆ ಹಿಡಿದರು.

ಹೋದ ಭಾನುವಾರ ನೋಡಿಕೊಂಡು ಬರಲು ಹೋಗಿದ್ದೆ. ಅಕ್ಕೋರು ಬಹಳ ಸೊರಗಿದ್ದರು. ಶಾಲೆಯ ಸುದ್ದಿ ಒಂದೂ ಕೇಳಲಿಲ್ಲ. ನಾನೇ ಮಕ್ಕಳು ನೆನೆಯುತ್ತಾರೆ ಎಂದೆ, ‘ಹೌದೇನ್ರಿ’ ಎಂದರು. ಮೂರು ಗಂಟೆಯ ಹೊತ್ತಿಗೆ ಬಾಗಿಲಿನ ಬೆಳಕು ಮಬ್ಬಾಯಿತು. ಅವರ ಬೆರಳು ಚಾಪೆಯ ಅಂಚು ಕೀಳತೊಡಗಿದವು.

‘ನೀವಿನ್ನ ಹೊರಡ್ರಿ ಅಕ್ಕೋರ. ನೀವು ನೋಡೂದು ಬ್ಯಾಡ’ ಎಂದರು.

ಅತ್ತೆ ಆಗಲೇ ಎದ್ದಿದ್ದರು. ಕಿಟಕಿಗಳನ್ನು ಮುಚ್ಚಿ ಸಂದಿಗೆ ಅರಿವೆ ತುರುಕಿದರು. ಮೇಲಿನ ತಗಡಿಗೆ ಮೊದಲೇ ಗೋಣಿಚೀಲ ಹಾಸಿ ಕಲ್ಲು ಹೇರಿಸಿದ್ದರಂತೆ, ಹನಿಯ ಸದ್ದು ಕೇಳಬಾರದೆಂದು. ಟೀವಿಯ ಸದ್ದು ದೊಡ್ಡದು ಮಾಡಿದರು. ಸೊಸೆಯನ್ನು ಒಳಕೋಣೆಯಲ್ಲಿ ಮಲಗಿಸಿ, ಎರಡು ಕೌದಿ ಹೊದಿಸಿ, ಕಿವಿಗೆ ಹತ್ತಿ ಇಟ್ಟು, ‘ಮಳಿ ಇಲ್ಲ ಏನಿಲ್ಲ ನನ್ನವ್ವ, ಗಾಳಿ ಅಷ್ಟ. ನಾ ಅದೀನಲ್ಲ’ ಎಂದು ಬೆನ್ನು ಸವರಿದರು. ಎಷ್ಟು ಸಲ ಮಾಡಿದ ಕೆಲಸವೋ, ಒಂದರ ಹಿಂದೆ ಒಂದು ಸರಾಗ ನಡೆಯಿತು. ಈ ಮುದುಕಿ ಇರುವ ತನಕ ಅಕ್ಕೋರಿಗೆ ಭಯವಿಲ್ಲ ಎಂದು ನನ್ನ ಮನಸ್ಸಿಗೆ ಸಮಾಧಾನವಾಯಿತು.

ನನ್ನನ್ನು ಕಳಿಸಲು ಅತ್ತೆ ಬಾಗಿಲ ತನಕ ಬಂದರು. ಹೊರಗೆ ದಪ್ಪ ಹನಿ ಶುರುವಾಗಿತ್ತು. ನಾನು ಚಪ್ಪಲಿ ಮೆಟ್ಟಿ, ‘ಬರ್ತೇನ್ರಿ ಯಮ್ಮಾ’ ಎಂದು ತಿರುಗಿದೆ. ಅವರು ಹೊಸ್ತಿಲ ಮೇಲೆ ಕಲ್ಲಾಗಿ ನಿಂತಿದ್ದರು. ಕಣ್ಣು ಮಳೆಯ ಮೇಲಿತ್ತು, ಹಲ್ಲು ಒಂದಕ್ಕೊಂದು ಕಟಕಟ ಬಡಿಯುತ್ತಿದ್ದವು. ಸೀರೆಯ ಒಳಗಿಂದ ಅವರ ಪಾದದ ಮೇಲೆ ನೀರಿಳಿದು ಹೊಸ್ತಿಲು ಒದ್ದೆಯಾಗುತ್ತಿತ್ತು. ಅದು ಮಳೆಯ ನೀರಲ್ಲ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ನಾನು ನೋಡಿದ್ದನ್ನು ಅವರು ನೋಡಿದರು. ಬಾಗಿಲ ಬಳಿಯ ಗೋಣಿತಾಟನ್ನು ಕಾಲಿನಿಂದ ಎಳೆದು ಅದರ ಮೇಲೆ ನಿಂತರು. ಒಳಗಿನ ಕೋಣೆಯ ಕಡೆ ಒಮ್ಮೆ ತಿರುಗಿ ನೋಡಿ, ನನ್ನ ತೋಳು ಹಿಡಿದುಕೊಂಡರು.

‘ಆಕೀಗೆ ಹೇಳಬ್ಯಾಡ್ರಿ ಮತ್ತ’ ಎಂದು ಬಾಗಿಲು ಹಾಕಿಕೊಂಡರು.